ಸಿಂಗಪುರದಲ್ಲಿ ಕರೆಯದೇ ಹೋದ ಮದುವೆ

ಮೊದಲು ಬೆಂಗಳೂರು ದಾಟಿ

ವಿಮಾನ ನಿಲ್ದಾಣ ಇನ್ನೂ ಊರಿನ ಪೂರ್ವದ ತುದಿಯಲ್ಲಿದ್ದ ಕಾಲವದು. ಪಶ್ಚಿಮದ ತುದಿಯವರಾದ ನಾವು ವಿದೇಶಕ್ಕೆ ಹೋಗಬೇಕೆಂದರೆ ಮೊದಲು ಬೆಂಗಳೂರು ದಾಟಬೇಕು. ಸಮುದ್ರದ ಮಾತು ಆಮೇಲೆ. ರಾಜಾಜಿನಗರದಲ್ಲಿ ಹೊರಟ ನಮ್ಮ ಕಾರು ದೊಮ್ಮಲೂರು ಮುಟ್ಟುವಷ್ಟರಲ್ಲಿ ಹಿಂದಿನ ಸೀಟಿನ ಸರೋಜಮ್ಮ ಒಂದು ಡಬ್ಬಿ ಕೋಡುಬಳೆ ಖಾಲಿ ಮಾಡಿ, ಒಂದು ನಿದ್ದೆ ಮುಗಿಸಿ, ಎದ್ದು ಕೂತು, "ಸಿಂಗಪುರ ಬಂತಾ?" ಎಂದು ಕೇಳಿದರು.

ಸರೋಜಮ್ಮ ರಾಜಾಜಿನಗರದಲ್ಲಿ ಕಲ್ಯಾಣ ಮಂಟಪ ನಡೆಸುವವರು. ಅವರ ಬಾಯಲ್ಲಿ ಅದು ಛತ್ರ. ಅದರ ಪಕ್ಕದಲ್ಲೇ ಅವರ ತಮ್ಮ ನಾಗರಾಜ್ ಅವರ ಟಾಕೀಸು. ಎರಡನ್ನೂ ಕಟ್ಟಿಸಿ, ಮಗಳಿಗೊಂದು ಮಗನಿಗೊಂದು ಎಂದು ಬಿಟ್ಟುಹೋದವರು ಅವರ ತಂದೆ. ಛತ್ರ ಚೆನ್ನಾಗಿ ನಡೆಯುತ್ತಿತ್ತು. ಟಾಕೀಸಿಗೆ ಜನ ಬರುವುದು ನಿಂತು ಬಾಲ್ಕನಿಯನ್ನೆಲ್ಲ ಪಾರಿವಾಳಗಳು ಬುಕ್ ಮಾಡಿಕೊಂಡಿದ್ದವು. ಹಾಗಾಗಿ ನಾಗರಾಜ್ ಎರಡೂ ಜಾಗ ಸೇರಿಸಿ, ಕೆಳಗೆ ಅಂಗಡಿಗಳು, ಅದರ ಮೇಲೆ ಮಲ್ಟಿಪ್ಲೆಕ್ಸು, ಫುಡ್ ಕೋರ್ಟು, ಪಕ್ಕಕ್ಕೊಂದು ಹೋಟೆಲು, ಎಲ್ಲದರ ತಲೆಯ ಮೇಲೆ ಫ್ಲಾಟುಗಳ ದೊಡ್ಡ ಟವರು ಎಂದು ಕನಸು ಕಾಣುತ್ತಿದ್ದರು.

ಆ ಕನಸನ್ನು ನಕ್ಷೆ ಮಾಡುವ ಕೆಲಸ ನನ್ನದು. ನಾನು ಗೀತಾ, ಬಸವೇಶ್ವರನಗರದ ಒಂದು ಸಣ್ಣ ಆರ್ಕಿಟೆಕ್ಟ್ ಆಫೀಸಿನವಳು. ಅಲ್ಲಿಯವರೆಗೆ ಈಶಾನ್ಯಕ್ಕೆ ಸಂಪು, ಆಗ್ನೇಯಕ್ಕೆ ಒಲೆ ಎಂದು ಸೈಟುದಾರರ ವಾಸ್ತು ಜಗಳ ಬಿಡಿಸಿಕೊಂಡಿದ್ದ ನಮ್ಮ ಆಫೀಸಿಗೆ ಇದು ಲಾಟರಿ ಹೊಡೆದಂತೆ. ನಮ್ಮ ಬಾಸ್ ಇದನ್ನು ಮಾಲ್ ಎನ್ನಲು ಒಪ್ಪುತ್ತಿರಲಿಲ್ಲ, "ಎಂಟರ್‌ಟೈನ್‌ಮೆಂಟ್ ಡಿಸ್ಟ್ರಿಕ್ಟ್" ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ಸರೋಜಮ್ಮ ಕಣ್ಣರಳಿಸಿ, "ಡಿಸ್ಟ್ರಿಕ್ಟಾ? ಹಂಗಾದ್ರೆ ನಮ್ ಬೀದಿಗೂ ಒಬ್ಬ ಡೀಸಿ ಬರ್ತಾನೆ ಅನ್ನಿ" ಎಂದಿದ್ದರು.

ತೊಡಕು ಒಂದೇ. ಟಾಕೀಸಿನ ಜಾಗ ಹಿಂದೆ, ಛತ್ರದ ಜಾಗ ಮುಂದೆ. ಸರೋಜಮ್ಮ ಒಪ್ಪದಿದ್ದರೆ ಡಿಸ್ಟ್ರಿಕ್ಟಿಗೆ ರಸ್ತೆಯೇ ಇಲ್ಲ. ಅವರು ಒಪ್ಪುತ್ತಿರಲಿಲ್ಲ. ಲಗ್ಗೆರೆಯ ಫ್ಯಾಕ್ಟರಿ ಕೆಲಸಗಾರರು, ನಂದಿನಿ ಲೇಔಟಿನ ಮೇಷ್ಟ್ರುಗಳು, ಈಚೆಗೆ ಉತ್ತರ ಕರ್ನಾಟಕದಿಂದ ಬಂದು ನೆಲೆಯೂರಿದವರು, ಇವರೆಲ್ಲರ ಮಕ್ಕಳ ಮದುವೆ ಆಗುತ್ತಿದ್ದದ್ದು ಆ ಛತ್ರದಲ್ಲಿ. ಬಂದವರ ಮುಖ ನೋಡಿ ಬಾಡಿಗೆ ಹೇಳುವುದು ಸರೋಜಮ್ಮನ ಪದ್ಧತಿ. ಗಂಡ ತೀರಿಕೊಂಡ ಮೇಲೆ ಅವರನ್ನು ನೆಟ್ಟಗೆ ನಿಲ್ಲಿಸಿದ್ದೇ ಆ ಛತ್ರ. "ಛತ್ರ ಮುಟ್ಟಿದ್ರೆ ನೋಡು ನಾಗ" ಎಂಬಲ್ಲಿಗೆ ಅಕ್ಕ ತಮ್ಮನ ಮಾತು ಪ್ರತಿ ಸಲವೂ ನಿಲ್ಲುತ್ತಿತ್ತು.

ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದು ನಾಗರಾಜ್ ಹೂಡಿದ ಉಪಾಯವೇ ಈ ಪ್ರವಾಸ. ಸಿಂಗಪುರ ನೋಡಿದರೆ ಅಕ್ಕ ಕರಗುತ್ತಾಳೆ ಎಂಬುದು ಅವರ ನಂಬಿಕೆ. ನೋಡಿದ್ದನ್ನು ನಕ್ಷೆಗೆ ಹೋಲಿಸಿ ಹೇಳಲು ಜೊತೆಗೆ ನಾನು. ಹೊರಡುವಾಗ ಬಾಸ್ ನನ್ನ ಕೈ ಕುಲುಕಿ, "ಒಪ್ಪಿಸ್ಕೊಂಡು ಬಾರಮ್ಮ, ಇಲ್ದಿದ್ರೆ ಮತ್ತೆ ಸಂಪು ಒಲೆನೇ ಗತಿ" ಎಂದಿದ್ದರು. ನನಗೂ ಸಂಪು ಒಲೆ ಸಾಕಾಗಿತ್ತು.

ನದಿ ದಂಡೆ

ಮೊದಲ ದಿನ ಅವರನ್ನು ಕ್ಲಾರ್ಕ್ ಕೀ ಎಂಬ ನದಿ ದಂಡೆಗೆ ಕರೆದೊಯ್ದೆ. ಒಂದು ಕಾಲದಲ್ಲಿ ದೋಣಿಗಳಿಂದ ಮೂಟೆ ಇಳಿಸುತ್ತಿದ್ದ ಗೋದಾಮುಗಳು. ಈಗ ಅವಕ್ಕೆ ಹೋಳಿ ಹುಣ್ಣಿಮೆಯ ಬಣ್ಣ ಬಳಿದು, ಒಳಗೆ ಹೋಟೆಲು, ಹಾಡು, ಕುಣಿತ ಎಲ್ಲ ತುಂಬಿದ್ದಾರೆ. ನನಗಂತೂ ಪುಸ್ತಕದಲ್ಲಿ ಓದಿದ್ದು ಎದುರಿಗೆ ಬಂದು ನಿಂತ ಸಂಭ್ರಮ. ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ತಿರುಗುತ್ತಾರೆ, ಬೆಂಚು ಯಾವ ಕಡೆ ಮುಖ ಮಾಡಿದೆ ಎಂದು ನೋಡುತ್ತಾ ಒಬ್ಬ ಮಾಣಿಯ ತಟ್ಟೆಗೆ ಡಿಕ್ಕಿ ಹೊಡೆದೆ. ತಪ್ಪು ನನ್ನದು, ಕ್ಷಮೆ ಕೇಳಿದವನು ಅವನು. ನಮ್ಮೂರಿನಲ್ಲಾದರೆ ಇಬ್ಬರೂ ಸೇರಿ ತಟ್ಟೆಯನ್ನು ಬೈಯುತ್ತಿದ್ದೆವು.

ನಮಗೂ ಒಂದು ನದಿಯಿದೆ. ಕೆಂಗೇರಿ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತರೂ ವೃಷಭಾವತಿ ಬಂದದ್ದು ಮೂಗಿಗೆ ಗೊತ್ತಾಗುತ್ತದೆ. ದೀಪಾಂಜಲಿ ನಗರದ ನನ್ನ ಚಿಕ್ಕಮ್ಮ ಆ ಕಡೆಯ ಕಿಟಕಿಯನ್ನು ಗೃಹಪ್ರವೇಶದ ದಿನ ಮುಚ್ಚಿದವರು ಇನ್ನೂ ತೆಗೆದಿಲ್ಲ. ಇಲ್ಲಿ ನೋಡಿದರೆ ನೀರಿನ ಪಕ್ಕದ ಮೇಜಿಗೇ ಕಿತ್ತಾಟ. ಹೊಟ್ಟೆ ಸ್ವಲ್ಪ ಉರಿಯಿತು.

ಸರೋಜಮ್ಮ ಎಲ್ಲವನ್ನೂ ನೋಡಿ, "ಚೆನ್ನಾಗಿದೆ. ಮದುವೆ ಎಲ್ಲಿ ಮಾಡ್ತಾರೆ?" ಎಂದರು.

"ಹೋಟೆಲಲ್ಲಿ ಅಕ್ಕ. ಬಾ ತೋರಿಸ್ತೀನಿ" ಎಂದು ನಾಗರಾಜ್ ಒಂದು ದೊಡ್ಡ ಹೋಟೆಲಿನ ಹಾಲಿಗೆ ಕರೆದೊಯ್ದರು. ಸೂರಿನಿಂದ ಗಾಜಿನ ದೀಪದ ಗೊಂಚಲು ಇಳಿಬಿದ್ದಿತ್ತು. ಕಾಲಿಟ್ಟರೆ ಪಾದ ಮುಳುಗುವ ಜಮಖಾನ. ಸರೋಜಮ್ಮ ಸುತ್ತ ನೋಡಿ, ಗೋಡೆ ತಟ್ಟಿ, "ಇಲ್ಲಿ ಹೋಮದ ಹೊಗೆ ಎಲ್ಲಿಗೆ ಹೋಗ್ಬೇಕೋ? ಪಂಕ್ತಿ ಹಾಕೋದೆಲ್ಲಿ? ನಮ್ ಲಗ್ಗೆರೆ ಶಿವಣ್ಣ ಮಗಳ ಮದುವೆಗೆ ಇಲ್ಲಿಗೆ ಬಂದ್ರೆ ಚಪ್ಪಲಿ ಎಲ್ಲಿ ಬಿಡಬೇಕು ಅಂತಾನೇ ಗೊತ್ತಾಗದೆ ವಾಪಸ್ ಹೋಗ್ತಾನೆ" ಎಂದರು. ನಾಗರಾಜ್ ನನ್ನ ಮುಖ ನೋಡಿದರು. ನಾನು ದೀಪದ ಗೊಂಚಲು ನೋಡಿದೆ.

ಟಿಶ್ಯೂ ಪೊಟ್ಟಣ

ಮರುದಿನ ಮಧ್ಯಾಹ್ನದ ಊಟಕ್ಕೆ ನೂರೆಂಟು ಗೂಡಂಗಡಿಗಳು ಒಂದೇ ಸೂರಿನಡಿ ಇರುವ ಜಾಗಕ್ಕೆ ಹೋದೆವು. ಒಳ್ಳೆ ಜನಜಂಗುಳಿ. ಆದರೂ ಒಂದು ಮೇಜು ಖಾಲಿ; ಅದರ ಮೇಲೆ ಒಂದು ಟಿಶ್ಯೂ ಪೇಪರಿನ ಪೊಟ್ಟಣ. ನಾಗರಾಜ್ ಖುಷಿಯಾಗಿ ಕೂತು, ಪೊಟ್ಟಣ ಬಿಚ್ಚಿ, ಮುಖ ಒರೆಸಿ, ಕತ್ತು ಒರೆಸಿ, "ನೋಡಿ ಮೇಡಂ, ಎಷ್ಟು ಅನುಕೂಲ ಮಾಡಿದಾರೆ. ನಮ್ ಫುಡ್ ಕೋರ್ಟಲ್ಲೂ ಇಡ್ಸೋಣ" ಎಂದರು. ಅಷ್ಟರಲ್ಲಿ ಕೈಯಲ್ಲಿ ಬಿಸಿ ನೂಡಲ್ಸಿನ ಬಟ್ಟಲು ಹಿಡಿದ ಒಬ್ಬ ಹುಡುಗಿ ಎದುರು ಬಂದು ನಿಂತಳು. ಒಮ್ಮೆ ಪೊಟ್ಟಣದ ಕಡೆ, ಒಮ್ಮೆ ನಾಗರಾಜರ ಕತ್ತಿನ ಕಡೆ ನೋಡಿದಳು.

ಪಕ್ಕದ ಮೇಜಿನ ತಮಿಳರೊಬ್ಬರು ವಿವರಿಸಿದರು. ಇಲ್ಲಿ ಟಿಶ್ಯೂ ಇಟ್ಟು ಹೋದರೆ ಆ ಜಾಗ ಅವರದು. ಯಾರೂ ಮುಟ್ಟುವಂತಿಲ್ಲ. ನಾಗರಾಜ್ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತಾ ಎದ್ದರು. ಸರೋಜಮ್ಮನಿಗೆ ಮಾತ್ರ ಪರಮಾನಂದ. "ನಮ್ ಮೆಜೆಸ್ಟಿಕ್ ಬಸ್ಸಲ್ಲಿ ಕಿಟಕಿಯಿಂದ ಟವಲ್ ಹಾಕ್ತಾರಲ್ಲ, ಅದೇ ತಾನೇ? ಇಲ್ಲಿವರೆಗೂ ಬಂದು ಇದೊಂದಾದ್ರೂ ನಮ್ದು ಅಂತ ಸಿಕ್ತಲ್ಲ!" ನಮ್ಮಲ್ಲಿ ಟವಲನ್ನು ಮಡಿಸಿ ಬದಿಗಿಟ್ಟು ಕೂರುವವರೂ ಇದ್ದಾರೆ ಎಂದು ನಾನು ಹೇಳಲಿಲ್ಲ.

ಸಸ್ಯಾಹಾರ ಹುಡುಕಿ ಸುಸ್ತಾಗಿ ಕೊನೆಗೆ ಆ ತಮಿಳರ ಅಂಗಡಿಯಲ್ಲೇ ದೋಸೆ ತಿಂದೆವು. ಸರೋಜಮ್ಮ ಕೈಚೀಲದಿಂದ ಚಟ್ನಿಪುಡಿ ತೆಗೆದು ಅಂಗಡಿಯವರಿಗೂ ಒಂದು ಚಮಚ ಬಡಿಸಿದರು.

ತಪ್ಪು ರೈಲು

ಮೂರನೇ ದಿನ ನನ್ನ ದೊಡ್ಡ ಅಸ್ತ್ರ. ರೈಲು ನಿಲ್ದಾಣದ ತಲೆಯ ಮೇಲೆ ಮಾಲ್, ಮಾಲಿನ ತಲೆಯ ಮೇಲೆ ಮನೆಗಳು. ನಮ್ಮ ನಕ್ಷೆಯ ಅಣ್ಣನಂತಿದ್ದ ಕಟ್ಟಡ. ಅದನ್ನು ತೋರಿಸಿದರೆ ಸರೋಜಮ್ಮ ಒಪ್ಪಿಯೇ ಒಪ್ಪುತ್ತಾರೆ ಎಂದು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ಆ ಮಾತಿನ ಗುಂಗಿನಲ್ಲೇ ಎದುರು ಪ್ಲಾಟ್‌ಫಾರಂನ ರೈಲು ಹತ್ತಿಸಿದೆ. ನಮ್ಮೂರಿನಲ್ಲಿ ಆಗಿನ್ನೂ ಮೆಟ್ರೋ ಎಂದರೆ ಪೇಪರಿನಲ್ಲಿ ಬರುವ ಸುದ್ದಿಯಷ್ಟೇ. ಎರಡು ದಿಕ್ಕಿಗೂ ಒಂದೇ ಬಣ್ಣದ ರೈಲು ಬಂದರೆ ನಾನೇನು ಮಾಡಲಿ?

ತಪ್ಪು ಗೊತ್ತಾಗುವಷ್ಟರಲ್ಲಿ ತುಂಬ ದೂರ ಬಂದಿದ್ದೆವು. "ಇಳಿದು ಒಂದು ಟೀ ಕುಡಿಯೋಣ, ಆಮೇಲೆ ನಿನ್ ಮಾಲು" ಎಂದು ಸರೋಜಮ್ಮ ತೀರ್ಪು ಕೊಟ್ಟರು. ಹೊರಗೆ ಬಂದರೆ ಪ್ರವಾಸಿಗರ ಸುಳಿವೇ ಇಲ್ಲದ ಬಡಾವಣೆ. ಸರ್ಕಾರ ಕಟ್ಟಿಸಿದ ಎತ್ತರದ ವಸತಿಗಳು ಸಾಲಾಗಿ ನಿಂತಿದ್ದವು. ಕಿಟಕಿಗಳಿಂದ ಹೊರಚಾಚಿದ ಕೋಲುಗಳಲ್ಲಿ ಬಟ್ಟೆ ಒಣಗುತ್ತಿತ್ತು. ಆಗ ಕೇಳಿಸಿತು, ಡೋಲು, ತಾಳ, ಓಲಗದಂಥದ್ದೊಂದು ಊದುವ ಸದ್ದು.

ಸರೋಜಮ್ಮನ ಕಿವಿ ನೆಟ್ಟಗಾಯಿತು. "ಮದುವೆ ಕಣೇ ಗೀತಾ!"

ಟೀ ಮರೆತುಹೋಯಿತು. ಛತ್ರ ನಡೆಸುವವರಿಗೆ ಕರೆಯದ ಮದುವೆ ಎಂಬುದಿಲ್ಲ. ಅಡುಗೆಯವರು ಯಾರು, ಎಷ್ಟು ಎಲೆ ಬೀಳುತ್ತದೆ, ಓಲಗದವರಿಗೆ ತಿಂಡಿ ಆಯಿತೇ ಎಂದು ನೋಡದೆ ಅವರು ಯಾವ ಮದುವೆಯನ್ನೂ ದಾಟಿ ಹೋದವರಲ್ಲ. ಸೆರಗು ಸರಿಮಾಡಿಕೊಂಡು ನಡೆದೇಬಿಟ್ಟರು. ನಾವಿಬ್ಬರೂ ಹಿಂದೆ ಓಡಿದೆವು.

ಕೆಳಗಿನ ಅಂಗಳ

ಆ ವಸತಿಯ ನೆಲಮಹಡಿಯಲ್ಲಿ ಮನೆಯೇ ಇರಲಿಲ್ಲ. ಕಂಬಗಳ ನಡುವೆ ಖಾಲಿ ಜಾಗ, ನಾಲ್ಕೂ ಕಡೆ ಬಯಲು. ಅಲ್ಲಿ ಹಳದಿ ನೀಲಿ ಬಟ್ಟೆ ಕಟ್ಟಿ, ದೀಪ ತೂಗಿಸಿ, ದುಂಡು ಮೇಜು ಹಾಕಿದ್ದರು. ಜನ ಕಡಲೇಕಾಯಿ ಸುಲಿಯುತ್ತಾ ಇಸ್ಪೀಟು ಆಡುತ್ತಿದ್ದರು. ಮಕ್ಕಳು ಕಂಬ ಸುತ್ತುತ್ತಿದ್ದವು. ಸ್ಟ್ಯಾಂಡಿನ ಮೇಲೆ ಆಳೆತ್ತರದ ಹೂವಿನ ಚಕ್ರಗಳು. ಒಂದು ಮೂಲೆಯಲ್ಲಿ ಬಣ್ಣದ ಕಾಗದದ ದೊಡ್ಡ ಬಂಗಲೆ. ಮಹಡಿ, ಬಾಲ್ಕನಿ, ಬಾಗಿಲಲ್ಲಿ ಕಾಗದದ ಕಾರು, ಪಕ್ಕದಲ್ಲಿ ಕಾಗದದ ಆಳುಗಳು.

ನಾಗರಾಜ್ ಅದರ ಮುಂದೆ ನಿಂತು ಮೈಮರೆತರು. "ನೋಡಿದ್ರಾ ಮೇಡಂ, ಮಗಳಿಗೆ ಕೊಡೋ ಮನೆ ಮಾಡಲ್ ಇಟ್ಟಿದಾರೆ. ಏನ್ ಫಿನಿಶಿಂಗ್! ನಿಮ್ ಆಫೀಸಲ್ಲಿ ಮಾಡಿದ ಮಾಡಲ್ ಇದರ ಮುಂದೆ ಬೆಂಕಿಪೊಟ್ಟಣ." ನನಗೆ ಸ್ವಲ್ಪ ಅವಮಾನವೇ ಆಯಿತು. ಬಗ್ಗಿ ಕಿಟಕಿ ಹೇಗೆ ಅಂಟಿಸಿದ್ದಾರೆಂದು ನೋಡಿದೆ.

ಬಿಳಿ ಶರಟಿನ ಒಬ್ಬ ನಡುವಯಸ್ಸಿನ ಚೀನೀಯರು ಬಂದು, ಅಚ್ಚರಿ ಪಟ್ಟರೂ ತೋರಿಸದೆ, ನಮ್ಮನ್ನು ಕೂರಿಸಿ ಕಡಲೇಕಾಯಿ, ಮಿಠಾಯಿ, ತಂಪು ಪಾನೀಯ ಇಟ್ಟರು. "ನೋಡು, ಗುರುತಿಲ್ಲದವರಿಗೂ ಎಷ್ಟು ಉಪಚಾರ" ಎಂದು ಸರೋಜಮ್ಮ ಕಡಲೇಕಾಯಿ ಸುಲಿದು ಬಾಯಿಗೆ ಹಾಕಿಕೊಂಡರು. ಉಂಡು ಸುಮ್ಮನೆ ಏಳುವವರಲ್ಲ ಅವರು. ಅವರ ಕೈಚೀಲದಲ್ಲಿ ಮುಯ್ಯಿ ಕವರುಗಳ ಕಟ್ಟು ಸದಾ ಇರುತ್ತದೆ: ಕಡುಗೆಂಪು, ಮೇಲೆ ಬಂಗಾರದ ಗಣಪತಿ, ಮೂಲೆಯಲ್ಲಿ ಅಂಟಿಸಿದ ಒಂದು ರೂಪಾಯಿ ನಾಣ್ಯ. ತಮ್ಮನಿಂದ ಅಲ್ಲಿನ ಒಂದು ನೋಟು ಕಿತ್ತುಕೊಂಡು ಒಳಗಿಟ್ಟು, ಎರಡೂ ಕೈಯಲ್ಲಿ ನೀಡಿ, "ನೂರು ಕಾಲ ಸುಖವಾಗಿ ಬಾಳ್ಲಿ" ಎಂದು ಹರಸಿದರು. "ಇಂಗ್ಲಿಷಲ್ಲಿ ಹೇಳೇ" ಎಂದು ನನ್ನನ್ನು ತಿವಿದರು. ನಾನು ಹೇಳಿದೆ.

ಇಸ್ಪೀಟಿನ ಮೇಜುಗಳು ತಣ್ಣಗಾದವು. ಬಿಳಿ ಶರಟಿನವರು ಕವರನ್ನೇ ನೋಡಿದರು. ಆಮೇಲೆ ಮೆಲ್ಲನೆ ಒಳಗಿನ ನೋಟು ಹೊರತೆಗೆದು, ನಾಣ್ಯವನ್ನೂ ಬಿಡಿಸಿಕೊಂಡು, ಬರೀ ಕೆಂಪು ಕವರನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿದರು. "ನಮ್ಮ ತಂದೆ," ಎಂದು ಒಳಗೆ ಕೈ ತೋರಿಸಿದರು. ಜನ ಸರಿದಾಗ ಕಂಡಿತು: ಊದಿನಕಡ್ಡಿಯ ಹೊಗೆ, ನಗುತ್ತಿರುವ ಒಬ್ಬ ಮುದುಕರ ಫೋಟೋ, ಹಿಂದೆ ಪೆಟ್ಟಿಗೆ.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾಗರಾಜ್ ಕಾಗದದ ಬಂಗಲೆಯಿಂದ ಮೂರು ಹೆಜ್ಜೆ ಹಿಂದೆ ಹಾರಿದರು. ಅದು ಸತ್ತವರಿಗಾಗಿ ಸುಡುವ ಮನೆಯಂತೆ. ಸರೋಜಮ್ಮನ ಬಾಯಲ್ಲಿ ಇನ್ನೂ ಕಡಲೇಕಾಯಿ ಇತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಕೊನೆಗೆ ನುಂಗಿದರು.

ನಾನು ಕ್ಷಮೆ ಕೇಳುತ್ತಲೇ ಇದ್ದೆ. ಆದರೆ ಅವರು ನಕ್ಕರು, ಅಳು ಬೆರೆತ ನಗು. "ಬಣ್ಣ ಮಾತ್ರ ತಪ್ಪು, ಸಾವಿಗೆ ಬಿಳಿ ಕವರು. ಲೆಕ್ಕ ಸರಿಯಾಗಿಯೇ ಇದೆ. ಸಾವಿಗೆ ಕೊಡುವುದು ಯಾವಾಗಲೂ ಬೆಸ ಸಂಖ್ಯೆ, ಒಂದು ಹೆಚ್ಚು. ದುಃಖ ಜೋಡಿಯಾಗಿ ಬರಬಾರದು ಎಂದು" ಎಂದರು. ನಮ್ಮಲ್ಲಿ ಆ ಒಂದನ್ನು ಹೆಚ್ಚಿಗೆ ಇಡುವುದು ಸುಖ ಬೆಳೆಯಲಿ ಎನ್ನುವುದಕ್ಕೆ ಎಂದು ಸರೋಜಮ್ಮ ನನ್ನ ಮೂಲಕ ಹೇಳಿಸಿದರು. ಅವರು ತಲೆದೂಗಿ ನಾಣ್ಯವನ್ನು ಜೇಬಿಗಿಟ್ಟುಕೊಂಡರು.

"ಅಪ್ಪ ಒಂಬತ್ತನೇ ಮಹಡಿಯಲ್ಲಿದ್ದರು," ಎಂದು ಅವರೇ ಮಾತು ಮುಂದುವರಿಸಿದರು. "ದಿನಾ ಇಲ್ಲಿಗೆ ಇಳಿದು ಬಂದು ಆ ಕಲ್ಲುಮೇಜಿನ ಮೇಲೆ ಚದುರಂಗ ಆಡುತ್ತಿದ್ದರು. ಹೋದ ತಿಂಗಳು ಮೂರನೇ ಮಹಡಿಯ ಮಲಯ ಹುಡುಗಿಯ ಮದುವೆ ಇದೇ ಜಾಗದಲ್ಲಾಯಿತು. ಅಪ್ಪ ಅಲ್ಲಿ ಚೆನ್ನಾಗಿ ಊಟ ಮಾಡಿದರು. ಈಗ ಆ ಹುಡುಗಿಯ ತಂದೆಯೇ ಈ ಬಟ್ಟೆ ಕಟ್ಟಲು ಬಂದಿದ್ದು."

ಅದನ್ನು ಕನ್ನಡದಲ್ಲಿ ಹೇಳಿದಾಗ ಸರೋಜಮ್ಮ ಕಂಬಗಳನ್ನು ಒಂದೊಂದಾಗಿ ನೋಡಿದರು. "ಮದುವೆ ಆದ ಜಾಗದಲ್ಲೇ ಸಾವಾ?" ಎಂದು ಮೊದಲು ಹಣೆ ಚಚ್ಚಿಕೊಂಡರು. ಆಮೇಲೆ ಎದ್ದು ಹೋಗಿ ಫೋಟೋಕ್ಕೆ ಕೈಮುಗಿದರು. ಹೊರಡುವಾಗ ಬಿಳಿ ಶರಟಿನವರು ನಮ್ಮ ಮೂವರಿಗೂ ಒಂದೊಂದು ಕೆಂಪು ದಾರ ಕೊಟ್ಟರು. ಸಾವಿನ ಮನೆಯ ಕೇಡು ಬೆನ್ನು ಹತ್ತದಿರಲಿ ಎಂದು ಅದನ್ನು ಬೆರಳಿಗೆ ಸುತ್ತಿಕೊಳ್ಳಬೇಕಂತೆ. ಸರೋಜಮ್ಮ ಕಂಕಣದ ಹಾಗೆ ಕೈಗೇ ಕಟ್ಟಿಕೊಂಡರು.

ಈಜುಕೊಳದ ಸ್ನಾನ

ನಮ್ಮ ಸಂಪ್ರದಾಯಕ್ಕೆ ಕೆಂಪು ದಾರ ಸಾಲದು. ಸಾವಿನ ಮನೆಗೆ ಹೋಗಿಬಂದವರು ತಲೆಗೆ ನೀರು ಬೀಳದೆ ಹೊಸ್ತಿಲು ದಾಟುವಂತಿಲ್ಲ. ಸರೋಜಮ್ಮ ಹೋಟೆಲಿನ ಬಾಗಿಲಲ್ಲೇ ನಿಂತರು. "ರೂಮಿನ ಬೀಗ ಮುಟ್ಟಲ್ಲ ನಾನು."

"ಅಕ್ಕ, ರೂಮಲ್ಲೇ ಬಾತ್‌ರೂಮ್ ಇದೆ."

"ಬಾತ್‌ರೂಮಿಗೆ ರೂಮ್ ದಾಟಿ ತಾನೇ ಹೋಗ್ಬೇಕು?"

ಈ ತರ್ಕಕ್ಕೆ ಸಿಂಗಪುರದ ಯಾವ ವಾಸ್ತುಶಿಲ್ಪಿಯ ಬಳಿಯೂ ಉತ್ತರವಿಲ್ಲ. ಈಜುಕೊಳದ ಪಕ್ಕದಲ್ಲಿ, ಈಜುವವರು ಮೈ ತೊಳೆದುಕೊಳ್ಳಲೆಂದು ಒಂದು ಷವರ್ ಇತ್ತು. ಸಂಜೆಯ ಬೆಳಕಿನಲ್ಲಿ, ಮೊಣಕಾಲಿನವರೆಗೂ ಬಾರದ ಬಟ್ಟೆ ತೊಟ್ಟ ಬಿಳಿಯರೆಲ್ಲ ಆರಾಮಕುರ್ಚಿಯಲ್ಲಿ ಮಲಗಿ ನೋಡುತ್ತಿರಲು, ಮೈಸೂರು ಸಿಲ್ಕ್ ಸೀರೆಯುಟ್ಟ ಸರೋಜಮ್ಮ ಅದರಡಿ ನಿಂತು, "ಗಂಗೇ ಚ ಯಮುನೇ" ಎಂದು ನಲ್ಲಿ ತಿರುಗಿಸಿದರು. ಅವರ ಹಿಂದೆ ಬೂಟು ಬಿಚ್ಚಿದ ನಾಗರಾಜ್. ಅವರ ಹಿಂದೆ ನಾನು. ಹೋಟೆಲಿನ ಕೆಲಸದವನೊಬ್ಬ ಓಡಿಬಂದ. ಬೈಯುತ್ತಾನೆ ಎಂದುಕೊಂಡರೆ ಮೂರು ಟವಲು ಕೊಟ್ಟು ಹೋದ. ತೊಟ್ಟಿಕ್ಕುತ್ತಾ ಲಿಫ್ಟಿನಲ್ಲಿ ನಿಂತಾಗ ನಾಗರಾಜ್ ಮೊದಲು ನಕ್ಕರು, ಆಮೇಲೆ ನಾನು. ಸರೋಜಮ್ಮ ನಗಲಿಲ್ಲ. ಲಿಫ್ಟಿನ ಉದ್ದ ಅಗಲವನ್ನು ಗೇಣು ಹಾಕಿ ಅಳೆಯುತ್ತಿದ್ದರು.

ತಿಂಡಿಯ ಮೇಜು

ಕೊನೆಯ ಬೆಳಿಗ್ಗೆ ತಿಂಡಿಗೆ ಕೂತಾಗ ಸರೋಜಮ್ಮ, "ನಿನ್ ನಕ್ಷೆ ತಗೊಂಡು ಬಾ" ಎಂದರು. ಅಷ್ಟು ದಿನ ಅವರು ಕಣ್ಣೆತ್ತಿಯೂ ನೋಡದ ಕಾಗದವದು. ಬ್ರೆಡ್ಡು, ಹಣ್ಣಿನ ತಟ್ಟೆಗಳನ್ನು ಸರಿಸಿ ಹಾಸಿದೆ. ಅಂಗಡಿಗಳು, ಸಿನಿಮಾ, ಫುಡ್ ಕೋರ್ಟು, ಟವರು ಎಂದು ಬೆರಳಿಟ್ಟು ತೋರಿಸಿದೆ. ನಾಗರಾಜ್ ಮೇಲಿನ ಮಹಡಿ ತೋರಿಸಿ, "ಇದು ನಂದು ಅಕ್ಕ. ಪಕ್ಕದ್ದು ನಿಂದು" ಎಂದರು.

"ಚೆನ್ನಾಗಿದೆ ಕಣೋ. ಗೀತಾ, ನೀನು ತಿನ್ನೋಕೆ ಜಾಗ ಮಾಡಿದೀಯಾ, ಕುಣಿಯೋಕೆ ಮಾಡಿದೀಯಾ, ಮಲಗೋಕೆ ಮಾಡಿದೀಯಾ. ಇಷ್ಟು ಮನೇಲಿ ಒಬ್ರಾದ್ರೂ ಸಾಯಲ್ವೇನೇ? ಹೆಣ ಎಲ್ಲಿ ಇಳಿಸ್ತೀಯಾ?"

ಉತ್ತರ ನಕ್ಷೆಯಲ್ಲಿ ಇತ್ತು. ಇಲ್ಲದಿದ್ದರೆ ಚೆನ್ನಾಗಿತ್ತು.

"ಸಾಮಾನ್ಯ ಲಿಫ್ಟಲ್ಲಿ ಹಿಡಿಸಲ್ಲ ಆಂಟಿ. ಸರ್ವಿಸ್ ಲಿಫ್ಟ್ ಅಂತ ಒಂದಿದೆ."

"ಅದರಲ್ಲಿ ಏನೇನು ಬರುತ್ತೆ?"

"ಫರ್ನಿಚರ್, ತರಕಾರಿ... ಕಸ."

"ಎಲ್ಲಿ ಬಂದು ನಿಲ್ಲುತ್ತೆ?"

ನಾನು ಬೆರಳಿಟ್ಟೆ. ನೆಲಮಾಳಿಗೆ. ಫುಡ್ ಕೋರ್ಟಿನ ಮುಸುರೆ ಡ್ರಮ್ಮುಗಳನ್ನಿಡುವ ಕೋಣೆಯ ಪಕ್ಕ. ಅಲ್ಲಿಂದ ಲಾರಿ ಹೋಗುವ ದಾರಿಯಲ್ಲಿ ಹೊರಗೆ. ಅದನ್ನು ಬರೆದಾಗ ಬಹಳ ಅಚ್ಚುಕಟ್ಟಾಗಿದೆ ಎಂದು ಹೆಮ್ಮೆ ಪಟ್ಟಿದ್ದೆ. ಸಿನಿಮಾಕ್ಕೆ ಬರುವವರ ಕಣ್ಣಿಗೆ ಏನೂ ಬೀಳುವುದಿಲ್ಲ.

ಸರೋಜಮ್ಮ ತಮ್ಮನ ಕಡೆ ತಿರುಗಿದರು. "ನಮ್ ಛತ್ರದಲ್ಲಿ ನಾನು ಎಷ್ಟೊಂದು ಜನರ ಮದುವೆ ಮಾಡಿಸ್ದೆ. ಅದೇ ಜನ ಸತ್ತಾಗ ಬೀದೀಲಿ ಶಾಮಿಯಾನ ಹಾಕಿ ಮಲಗಿಸ್ತಾರೆ, ಆಟೋದವರು ಹಾರ್ನ್ ಹೊಡೀತಾರೆ. ಛತ್ರದ ಮುಂದೆ ಹೆಣ ಹೋದ್ರೆ ನಾನೇ ಬಾಗಿಲು ಹಾಕಿಸ್ತಿದ್ದೆ. ಶುಭದ ಜಾಗ ಅಂತ. ಕೆಳಗಿನ ಅಂತಸ್ತು ಖಾಲಿ ಬಿಡು ನಾಗ. ಗೋಡೆ ಬೇಡ. ಮದುವೆಗೂ ಸಾವಿಗೂ ಅದೇ ಜಾಗ. ಬೀದಿಯವರೂ ಬರ್ಲಿ."

"ಅಕ್ಕ, ಕೆಳಗಿನ ಅಂಗಡಿಗೇ ಅಲ್ವಾ ಬಾಡಿಗೆ ಬರೋದು? ಖಾಲಿ ಜಾಗಕ್ಕೆ ಯಾರು..." ಎಂದು ಶುರುಮಾಡಿದ ನಾಗರಾಜ್ ಅಲ್ಲೇ ನಿಂತರು. ನನ್ನ ಬೆರಳು ಇನ್ನೂ ಮುಸುರೆ ಕೋಣೆಯ ಪಕ್ಕದಲ್ಲೇ ಇತ್ತು. ಅವರು ಅದನ್ನು ನೋಡಿದರು. ಅಲ್ಲಿಂದ ತಮ್ಮ ಬೆರಳನ್ನು ಸರ್ವಿಸ್ ಲಿಫ್ಟಿನ ಗೆರೆಯ ಮೇಲೆ ನಿಧಾನವಾಗಿ ಮೇಲಕ್ಕೆ ಒಯ್ದರು, ಮಹಡಿ ಮೇಲೆ ಮಹಡಿ, ತಮ್ಮ ಫ್ಲಾಟಿನವರೆಗೆ.

"ನನ್ನನ್ನೂ ಇದರಲ್ಲೇ ತಾನೇ ಇಳಿಸೋದು, ಮೇಡಂ?"

ನಾನು ತಲೆ ತಗ್ಗಿಸಿದೆ. ಅವರು ನನ್ನ ಪೆನ್ನು ತೆಗೆದುಕೊಂಡು ಕೆಳಗಿನ ಅಂಗಡಿಗಳ ಸಾಲಿನ ಮೇಲೆ ಅಡ್ಡ ಗೆರೆ ಎಳೆದರು. ಒಂದೂ ಬಿಡಲಿಲ್ಲ.

ಸರೋಜಮ್ಮ ಆ ಗೆರೆಯನ್ನು ಬೆರಳಿನಿಂದ ಸವರಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಹಂಗಾದ್ರೆ ನನ್ನ ಛತ್ರ ಕೆಡವು" ಎಂದರು.

ಆ ಮಾತು ಕೇಳಬೇಕೆಂದೇ ನಾನು ಸಮುದ್ರ ದಾಟಿ ಬಂದಿದ್ದೆ. ಕೇಳಿದ ಮೇಲೆ ಪೆನ್ನು ವಾಪಸ್ ತೆಗೆದುಕೊಂಡು, ಮುಸುರೆ ಕೋಣೆಯ ಪಕ್ಕಕ್ಕೆ ಇಳಿಯುವ ಆ ಲಿಫ್ಟಿನ ಗೆರೆಯನ್ನು ನಾನೇ ಹೊಡೆದುಹಾಕಿದೆ.